ತಾಟು ತೊಳೆದ ನೀರು

ನನ್ನ ನಿವೃತ್ತಿಗೆ ಸ್ವಲ್ಪ ಮೊದಲು ಸಿಂದಗಿಯಲ್ಲಿ ನಮಗೊಂದು ತರಬೇತಿ ನಡೆಯಿತು. ಬೆಂಗಳೂರಿನಿಂದ ಬಂದಿದ್ದ ಹುಡುಗಿ, ನನ್ನ ಮಗಳಿಗಿಂತ ಚಿಕ್ಕವಳು, ಎಲ್ಲರಿಗೂ ಒಂದೊಂದು ಬಿಳಿ ಹಾಳೆ ಹಂಚಿದಳು. ಮಕ್ಕಳ ಬಗ್ಗೆ, ಅವರ ಮನೆಗಳ ಬಗ್ಗೆ ನಿಮ್ಮ ಮನಸ್ಸಿನಲ್ಲಿರುವ ಪೂರ್ವಗ್ರಹಗಳನ್ನು ಬರೆಯಿರಿ, ಹೆಸರು ಹಾಕುವುದು ಬೇಡ ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಷ್ಟು ದಡ್ಡರು ನಾವಲ್ಲ. ಅಂಗನವಾಡಿ ಕಾರ್ಯಕರ್ತೆಯರು, ಮೇಲ್ವಿಚಾರಕಿಯರು ಎಲ್ಲರೂ ಒಬ್ಬರ ಹಾಳೆ ಒಬ್ಬರು ನೋಡದೆಯೇ ಒಂದೇ ಉತ್ತರ ಬರೆದೆವು: ಇಲ್ಲ. ಪಾಪ, ಆ ಹುಡುಗಿ ಹಾಳೆಗಳನ್ನು ತಿರುವಿ ತಿರುವಿ ನೋಡಿ, ಇಂಥ ಪುಣ್ಯವಂತ ತಾಲ್ಲೂಕನ್ನು ತಾನು ಇದುವರೆಗೆ ಕಂಡಿಲ್ಲ ಎಂದಳು. ಆಮೇಲೆ ಊಟದ ಬಿಡುವಾಯಿತು. ಪೂರ್ವಗ್ರಹವಿಲ್ಲದ ನಾವೆಲ್ಲ ಬುತ್ತಿಗಂಟು ಹಿಡಿದು ಎದ್ದು, ಯಾರೂ ಹೇಳದೆಯೇ ನಮ್ಮ ನಮ್ಮವರನ್ನು ಹುಡುಕಿಕೊಂಡು ಕುಳಿತೆವು. ಬೇವಿನ ಗಿಡದ ಕೆಳಗೆ ಒಂದು ಗುಂಪು, ಕಟ್ಟೆಯ ಮೇಲೆ ಒಂದು, ನೀರಿನ ಟಾಕಿಯ ಹಿಂದೆ ಒಂದು. ಆ ಹುಡುಗಿ ತನ್ನ ಡಬ್ಬಿ ಹಿಡಿದು ನಡುವೆ ನಿಂತಿದ್ದಳು, ಎತ್ತ ಹೋಗಬೇಕೋ ತಿಳಿಯದೆ.

ಅವಳಿಗೆ ಅಂದು ಹೇಳಬೇಕಾಗಿತ್ತು, ಹೇಳಲಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬರುತ್ತಿರುವ ನಿಮಗಾದರೂ ಹೇಳುತ್ತೇನೆ. ನಾನು ಯಾವಾಗ ಮೇಲ್ವಿಚಾರಕಿಯಾದೆ, ಯಾವ ಸಾಹೇಬರು ಶಾಲು ಹೊದಿಸಿದರು ಎಂಬುದೆಲ್ಲ ಬೇಡ. ಬಡ್ತಿಯೆಂದರೆ ಒಂದು ಕುರ್ಚಿ ಹೆಚ್ಚು, ಎರಡು ತಲೆನೋವು ಹೆಚ್ಚು. ಹೇಳಬೇಕಾದದ್ದು ತಂಗಡಗಿಯಲ್ಲಿ ನಾನು ಕಾರ್ಯಕರ್ತೆಯಾಗಿದ್ದಾಗಿನ ಮಾತು. ಮಮತಾಜ ಎಂಬ ನಾಲ್ಕು ವರ್ಷದ ಹುಡುಗಿ ಎಲ್ಲರ ಮೆಚ್ಚುಗೆ ಪಡೆಯುತ್ತ ನನ್ನ ಕೈಯಲ್ಲೇ ಸೊರಗಿಹೋದ ಮಾತು.

ನಾನು ಹುಟ್ಟಿದ್ದು ಬಸವನ ಬಾಗೇವಾಡಿಯಲ್ಲಿ. ಅಲ್ಲಿ ಹುಟ್ಟಿದವರಿಗೆ ಒಂದು ಸೊಕ್ಕು ತಾನಾಗಿಯೇ ಬರುತ್ತದೆ, ಮೇಲುಕೀಳು ಎಂಬುದು ನಮ್ಮೂರ ನೀರಿನಲ್ಲೇ ಇಲ್ಲ ಎಂದು. ನಮ್ಮಪ್ಪ ಕಟ್ಟೆಯ ಮೇಲೆ ಕುಳಿತು ಈ ಮಾತನ್ನು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ಹೇಳಿ ಒಳಗೆ ಬಂದರೆ, ಕಿವಿ ಮುರಿದ ಒಂದು ಚಹಾದ ಕಪ್ಪು ಹಿತ್ತಲ ಗೂಡಿನಲ್ಲಿ ಬೇರೆಯೇ ಇರುತ್ತಿತ್ತು. ಅದು ಯಾರಿಗಾಗಿ ಎಂದು ನಾವು ಕೇಳಿದವರಲ್ಲ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂಬ ಗಾದೆ ನಮಗೆ ಬಾಯಿಪಾಠವಿತ್ತು, ಆದರೆ ಅದು ಬೇರೆಯವರ ಮನೆಯ ಬದನೆಕಾಯಿ ಎಂದುಕೊಂಡಿದ್ದೆವು.

ನಮ್ಮ ಮನೆಯ ಇನ್ನೊಂದು ಪದ್ಧತಿ ಊಟದ್ದು. ಒಬ್ಬೊಬ್ಬರಿಗೆ ಒಂದೊಂದು ತಾಟು. ಉಂಡಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನು ಕುಡಿಯಬೇಕು. ಅನ್ನವೆಂದರೆ ಪ್ರಸಾದ, ಪ್ರಸಾದದ ಅಗುಳು ಚರಂಡಿಗೆ ಹೋಗಬಾರದು. ಆದರೆ ಪಕ್ಕದಲ್ಲಿ ಕುಳಿತ ತಮ್ಮನ ತಾಟಿಗೆ ಕೈ ಹಾಕಿದೆನೋ, ಅವ್ವ ಕೈಮೇಲೆ ಫಟ್ಟನೆ ಹೊಡೆದು 'ಎಂಜಲ!' ಎನ್ನುತ್ತಿದ್ದಳು. ನನ್ನ ತಾಟು ತೊಳೆದ ನೀರು ಪ್ರಸಾದ, ತಮ್ಮನ ತಾಟಿನ ತುತ್ತು ಎಂಜಲು. ಇದರ ಲೆಕ್ಕಾಚಾರ ಏನೆಂದು ಕೇಳುವ ವಯಸ್ಸಿನಲ್ಲಿ ಬಾಯಿ ತುಂಬ ರೊಟ್ಟಿ ಇರುತ್ತಿತ್ತು. ಕೇಳಬಹುದಾದ ವಯಸ್ಸು ಬರುವಷ್ಟರಲ್ಲಿ ನನ್ನ ಮದುವೆಯಾಗಿ, ನಾನೇ ನನ್ನ ಮಕ್ಕಳ ಕೈಗೆ ಹೊಡೆಯುತ್ತಿದ್ದೆ.

ಮದುವೆಯಾಗಿ ಬಂದದ್ದು ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಗೆ. ತೊಂಬತ್ತರ ದಶಕದ ಮೊದಲ ಭಾಗದಲ್ಲಿ ಅಲ್ಲಿನ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತು. ಹೊಳೆಯ ಕಡೆ ಮುಖ ಮಾಡಿದ ಒಂದೇ ಕೋಣೆ, ಒಂದು ಚಾಪೆ, ಒಂದು ತೂಕದ ತಕ್ಕಡಿ, ಗೋಡೆಗೆ ಹಣ್ಣಿನ ಚಿತ್ರಗಳು. ಅವುಗಳಲ್ಲಿ ಸೇಬು, ದ್ರಾಕ್ಷಿ ಇದ್ದವು, ನಮ್ಮ ಮಕ್ಕಳು ದಿನವೂ ಕಲ್ಲು ಹೊಡೆದು ಕೆಡವುತ್ತಿದ್ದ ಬಾರಿಹಣ್ಣು ಇರಲಿಲ್ಲ. ಮಕ್ಕಳಷ್ಟೇ ಅಲ್ಲ, ಅವರ ತಾಯಂದಿರೂ ನನ್ನನ್ನು ಅಕ್ಕೋರ ಎಂದು ಕರೆಯುತ್ತಿದ್ದರು. ಊರಿಗೆಲ್ಲ ಅಕ್ಕ ಎನಿಸಿಕೊಂಡ ಹೆಂಗಸಿಗೆ ತನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎನ್ನಿಸಲು ಎಷ್ಟು ಹೊತ್ತು ಬೇಕು?

ಮೊದಲ ವರ್ಷದ ನನ್ನ ಘನಕಾರ್ಯವನ್ನು ಕೇಳಿ. ಸಿದ್ದಪ್ಪ ಎಂಬ ಹುಡುಗನೊಬ್ಬ ಬರುತ್ತಿದ್ದ, ಕುರಿ ಕಾಯುವವರ ಮನೆಯವನು. ಹಾಜರಿ ಕರೆದರೆ ಓ ಎನ್ನುತ್ತಿರಲಿಲ್ಲ. ಬೆನ್ನ ಹಿಂದೆ ನಿಂತು 'ಸಿದ್ದಪ್ಪಾ' ಎಂದು ಕೂಗಿದರೂ ತಿರುಗುತ್ತಿರಲಿಲ್ಲ. ಇವನಿಗೆ ಕಿವಿ ಕೇಳುವುದಿಲ್ಲ ಎಂದು ನಾನು ತೀರ್ಪು ಕೊಟ್ಟೆ. ಅವನವ್ವನನ್ನು ಹೆದರಿಸಿ, ಬಿಜಾಪುರದ ದವಾಖಾನೆಗೆ ಅಟ್ಟಿದೆ. ಅಲ್ಲಿನ ಡಾಕ್ಟರು ಕಿವಿಯೊಳಗೆ ಬ್ಯಾಟರಿ ಬಿಟ್ಟು ನೋಡಿ, ಏನೇನೂ ಇಲ್ಲ, ಸುಮ್ಮನೆ ಯಾಕೆ ಬಂದಿರಿ ಎಂದು ಬೈದು ಕಳಿಸಿದರಂತೆ. ಮರುದಿನ ಅವನವ್ವ ಹುಡುಗನನ್ನು ಕರೆದೊಯ್ಯಲು ಬಂದು, ಬಾಗಿಲಲ್ಲಿ ನಿಂತು ಸಣ್ಣ ದನಿಯಲ್ಲಿ 'ಮುತ್ಯಾ, ನಡಿ ಮನಿಗಿ' ಎಂದಳು. ನನ್ನ ಕಿವುಡ ಚಂಗನೆ ಎದ್ದು ಓಡಿದ. ಅವನಿಗೆ ಇಟ್ಟಿದ್ದು ತೀರಿಹೋದ ಅಜ್ಜನ ಹೆಸರು. ಮಾವನ ಹೆಸರನ್ನು ಸೊಸೆ ಬಾಯಲ್ಲಿ ತರುವುದುಂಟೇ? ಹಾಗಾಗಿ ಮನೆಮಂದಿಯೆಲ್ಲ ಅವನನ್ನು ಮುತ್ಯಾ, ಎಂದರೆ ಅಜ್ಜ, ಎಂದೇ ಕರೆಯುತ್ತಿದ್ದರು. ಸಿದ್ದಪ್ಪ ಎಂಬುವನು ಯಾರೆಂದು ಆ ಕೂಸಿಗೆ ಗೊತ್ತೇ ಇರಲಿಲ್ಲ. ಬಾಗೇವಾಡಿಯಲ್ಲಿ ನಮ್ಮಣ್ಣನ ಮಗನಿಗೂ ನಮ್ಮಜ್ಜನ ಹೆಸರು, ಅವನನ್ನೂ ಅವ್ವ ಮುತ್ಯಾ ಎಂದೇ ಕರೆಯುತ್ತಿದ್ದಳು. ನಮ್ಮ ಮನೆಯಲ್ಲಿದ್ದರೆ ಅದು ಸಂಪ್ರದಾಯ, ಕುರಿ ಕಾಯುವವರ ಮನೆಯಲ್ಲಿದ್ದರೆ ಅದು ಕಿವುಡು. ನನಗೆ ಆಗ ಅಷ್ಟೇ ಬುದ್ಧಿ.

ಇಂಥ ಬುದ್ಧಿ ನನ್ನೊಬ್ಬಳದ್ದೇ ಅಲ್ಲ ಎಂಬುದು ಎಷ್ಟೋ ವರ್ಷಗಳ ನಂತರ, ಇಂಡಿ ತಾಲ್ಲೂಕಿನ ಅಗರಖೇಡಕ್ಕೆ ತಪಾಸಣೆಗೆ ಹೋದಾಗ ತಿಳಿದು ಸ್ವಲ್ಪ ಸಮಾಧಾನವಾಯಿತು. ಅಷ್ಟರಲ್ಲಿ ಪದ್ಧತಿ ಬದಲಾಗಿ, ಪಾಠ ಒಪ್ಪಿಸುವುದು ಹೋಗಿ ಚಿತ್ರ ಬರೆಸುವುದು ಬಂದಿತ್ತು. ಅಲ್ಲಿನ ಕಾರ್ಯಕರ್ತೆ ಒಬ್ಬ ಹುಡುಗನ ಪಾಟಿ ತೋರಿಸಿ, ಇವನಿಗೆ ಮನೆ ಬರೆಯಲು ಬರುವುದಿಲ್ಲ, ಮಂದಬುದ್ಧಿ ಎಂದಳು. ಪಾಟಿಯಲ್ಲಿ ಒಂದು ಚೌಕ, ಅದಕ್ಕೊಂದು ನಿಚ್ಚಣಿಕೆ, ಚೌಕದ ಮೇಲೆ ಒಂದು ಗೆರೆ. ಗೋಡೆಯ ಮೇಲಿನ ಸರಕಾರಿ ಚಿತ್ರದಲ್ಲಿ ಮನೆಗೆ ಟೊಪ್ಪಿಗೆಯಂಥ ಹೆಂಚಿನ ಮಾಡು, ಪಕ್ಕದಲ್ಲಿ ತೆಂಗಿನ ಮರ. ಅಗರಖೇಡದಲ್ಲಿ ಅಂಥ ಮನೆ ಎಲ್ಲಿದೆ ತೋರಿಸು ಎಂದೆ. ಅವಳು ಹೊರಗೆ ಬಂದು ಸುತ್ತ ನೋಡಿದಳು. ಎಲ್ಲ ಚಪ್ಪಟೆ ಮಣ್ಣಿನ ಮಾಳಿಗೆಯ ಚೌಕ ಮನೆಗಳು. ಮೇಲಿನ ಗೆರೆ ಏನು ಎಂದು ಹುಡುಗನನ್ನು ಕೇಳಿದರೆ, 'ಆಯಿ ಮಲಗ್ಯಾಳ್ರಿ' ಎಂದ. ಬೇಸಿಗೆಯಲ್ಲಿ ಅಜ್ಜಿ ಮಾಳಿಗೆಯ ಮೇಲೆ ಮಲಗುತ್ತಿದ್ದಳು. ಆ ಕಾರ್ಯಕರ್ತೆಯೂ ದಿನವೂ ಅಂಥದೇ ಮಾಳಿಗೆಯ ಮೇಲೆ ಹಪ್ಪಳ ಒಣಗಿಸುವವಳು.

ಇರಲಿ, ತಂಗಡಗಿಗೆ ಬರೋಣ. ಮಧ್ಯಾಹ್ನ ಮಕ್ಕಳಿಗೆ ಗೋಧಿ ನುಚ್ಚಿನ ಉಪ್ಪಿಟ್ಟು ಕೊಡುತ್ತಿದ್ದೆವು. ತಾಟು ಮಕ್ಕಳೇ ಮನೆಯಿಂದ ತರಬೇಕು. ಉಂಡಾದ ಮೇಲೆ ನಮ್ಮ ಮನೆಯ ಪದ್ಧತಿಯಂತೆ ಎಲ್ಲರೂ ತಾಟಿಗೆ ನೀರು ಹಾಕಿ, ತೊಳೆದು, ಕುಡಿಯುವುದನ್ನು ನಾನು ರೂಢಿ ಮಾಡಿಸಿದೆ. ಅದನ್ನು ಯಾರೂ ನನಗೆ ಹೇಳಿರಲಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ. ಹಲ್ಲು ತಿಕ್ಕುವುದು, ಕೈ ತೊಳೆಯುವುದು, ತಾಟು ತೊಳೆದು ಕುಡಿಯುವುದು: ಮೂರೂ ಒಳ್ಳೆಯ ಅಭ್ಯಾಸ. ಇದರಲ್ಲಿ ಮೂರನೆಯದು ನಮ್ಮ ಜಾತಿಯದು ಎಂಬುದು ನನಗೆ ಹೊಳೆಯಲೇ ಇಲ್ಲ.

ನಮ್ಮ ಆಗಿನ ಮೇಲ್ವಿಚಾರಕಿ ಕಮಲಾ ಮೇಡಂ ಮುದ್ದೇಬಿಹಾಳದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕೈಯಲ್ಲಿ ಸದಾ ಒಂದು ಕರವಸ್ತ್ರ, ಕೆಲವು ಓಣಿಗಳಲ್ಲಿ ಅದು ಮೂಗಿಗೆ ಏರುತ್ತಿತ್ತು. ಕೆಟ್ಟವರಲ್ಲ, ಮಕ್ಕಳಿಗೆ ಕೊಡಬೇಕಾದ ಕಾಳುಕಡಿಯಲ್ಲಿ ಒಂದು ಹಿಡಿ ಕಡಿಮೆಯಾದರೂ ಜೀವ ತಿನ್ನುತ್ತಿದ್ದರು. ಇಷ್ಟು ಮಕ್ಕಳು ಸಾಲಾಗಿ ಕುಳಿತು ತಾಟೆತ್ತಿ ನೀರು ಕುಡಿಯುವುದನ್ನು ಕಂಡು ಅವರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಎಂಥ ಸಂಸ್ಕಾರ ಎಂದರು. ಮುಂದಿನ ಸಭೆಯಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ, ಎಲ್ಲ ಕೇಂದ್ರಗಳಲ್ಲೂ ಹೀಗೆಯೇ ಮಾಡಿ, ಬೇಸಿಗೆಯಲ್ಲಿ ನೀರೂ ಉಳಿಯುತ್ತದೆ ಎಂದು ಹೇಳಿದರು. ಸಂಸ್ಕಾರ ಹಾಗೂ ನೀರಿನ ಉಳಿತಾಯ ಎರಡೂ ಒಟ್ಟಿಗೆ ಸಿಗುವಾಗ ಯಾರು ಬಿಡುತ್ತಾರೆ? ಒಂದೆರಡು ಊರುಗಳಲ್ಲಿ ಹಿರಿಯರು ಬಂದು, ನಮ್ಮ ಹುಡುಗರನ್ನು ಏನು ಮಾಡಲು ಹೊರಟಿದ್ದೀರಿ ಎಂದು ಕೇಳಿದರಂತೆ. ಹಳ್ಳಿಯ ಜನಕ್ಕೆ ಸ್ವಚ್ಛತೆಯ ಬೆಲೆ ಎಲ್ಲಿ ಗೊತ್ತಾಗಬೇಕು ಎಂದು ನಾವು ನಾವೇ ಮಾತಾಡಿಕೊಂಡೆವು.

ಅದೇ ವರ್ಷ ಮಮತಾಜ ಬಂದಳು. ಅವಳಪ್ಪ ಗೌಂಡಿ, ಮುದ್ದೇಬಿಹಾಳದಲ್ಲಿ ಮನೆ ಕಟ್ಟುವ ಕೆಲಸಕ್ಕೆ ಹೋಗಿ ರಾತ್ರಿ ಬರುವವನು. ಮನೆ ನಡೆಸುತ್ತಿದ್ದವಳು ಅವಳಜ್ಜಿ ಹುಸೇನಬಿ, ಮಮತಾಜಳ ಬಾಯಲ್ಲಿ ದಾದಿ. ತಾಟು ತರಬೇಕೆಂದು ಹೇಳಿ ಕಳಿಸಿದ್ದೆನಲ್ಲ, ಮೊದಲ ದಿನ ಆ ಹುಡುಗಿ ಬಂದ ರೀತಿ ನೋಡಬೇಕಿತ್ತು. ದೂರದಿಂದ ನನಗೆ ಕಂಡದ್ದು ಒಂದು ಪರಾತ ಮಾತ್ರ, ಜೋಳದ ಹಿಟ್ಟು ನಾದುವಂಥ ಅಗಲವಾದ ಪರಾತ. ಅದು ತಾನೇ ನಡೆದು ಬರುತ್ತಿತ್ತು. ಹತ್ತಿರ ಬಂದಾಗ ಅದರ ಕೆಳಗೆ ಎರಡು ಸಣ್ಣ ಕಾಲು, ಎರಡು ಕಣ್ಣು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಾನು ನಕ್ಕದ್ದಕ್ಕೆ ಮಕ್ಕಳೆಲ್ಲ ನಕ್ಕವು. ಇದು ಅಂಗನವಾಡಿ, ಮದುವೆ ಮನೆಯಲ್ಲ, ಸಣ್ಣ ತಾಟು ಕೊಟ್ಟು ಕಳಿಸಿ ಎಂದು ದೊಡ್ಡ ಹುಡುಗಿಯೊಬ್ಬಳ ಕೈಯಲ್ಲಿ ಪರಾತವನ್ನು ವಾಪಸು ಕಳಿಸಿದೆ. ಸಣ್ಣ ತಾಟು ಬರಲೇ ಇಲ್ಲ. ಕೊನೆಗೆ ಕೇಂದ್ರದ್ದೇ ಒಂದು ತಾಟನ್ನು ಅವಳಿಗೆ ಕೊಟ್ಟು, ದೊಡ್ಡ ಉಪಕಾರ ಮಾಡಿದವಳಂತೆ ಬೀಗಿದೆ.

ಮಮತಾಜ ಉಣ್ಣುತ್ತಿರಲಿಲ್ಲ. ತಾಟು ಮುಂದಿಟ್ಟರೆ ಅದನ್ನು ನೋಡುತ್ತ ಕುಳಿತಿರುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಪಕ್ಕದವಳ ಹತ್ತಿರ ಜರುಗಿ, ಅವಳ ತಾಟಿಗೆ ಕೈ ಹಾಕುತ್ತಿದ್ದಳು. ತನ್ನದು ತುಂಬಿದ್ದರೂ ಬೇರೆಯವರದ್ದೇ ಬೇಕು, ಎಂಥ ಆಸೆಬುರುಕಿ ಎಂದುಕೊಂಡೆ. ಅವ್ವ ನನಗೆ ಕಲಿಸಿದ್ದನ್ನು ನಾನು ಅವಳಿಗೆ ಕಲಿಸಿದೆ. ಕೈಮೇಲೆ ಒಂದು ಏಟು, ಜೊತೆಗೆ 'ಎಂಜಲ!' ಎಂಬ ಮಾತು. ಮತ್ತೆ ಕೈ ಹಾಕಿದರೆ ಮತ್ತೊಂದು. ಕೆಲವು ವಾರ ಹೀಗೆ ನಡೆಯಿತು. ಆಮೇಲೆ ಒಂದು ದಿನ ಅವಳು ತನ್ನ ತಾಟಿನಿಂದ ತಾನೇ ತಿಂದಳು, ನೀರು ಹಾಕಿ ತೊಳೆದಳು, ಎರಡೂ ಕೈಯಿಂದ ಎತ್ತಿ ಕುಡಿದಳು. ನಾನು ಗೆದ್ದೆ.

ಮಕ್ಕಳು ಕಲಿಯಲು ಶುರು ಮಾಡಿದರೆ ಅರ್ಧಕ್ಕೆ ನಿಲ್ಲಿಸುವುದಿಲ್ಲ. ಮಮತಾಜ ಸ್ವಲ್ಪ ದಿನದಲ್ಲೇ ನನಗಿಂತ ಕಟ್ಟುನಿಟ್ಟಾದಳು. ಉಂಡಾದ ಮೇಲೆ ಸಾಲಿನ ಉದ್ದಕ್ಕೂ ನಡೆದು ಯಾರ ತಾಟಿನಲ್ಲಿ ನೀರು ಉಳಿದಿದೆ ಎಂದು ಬಗ್ಗಿ ನೋಡುವಳು. ಯಾರದ್ದಾದರೂ ಕೈ ಪಕ್ಕಕ್ಕೆ ಹೋದರೆ ನನ್ನದೇ ದನಿಯಲ್ಲಿ ಗದರುವಳು. ಕಮಲಾ ಮೇಡಂ ಅವಳ ಗಲ್ಲ ಹಿಂಡಿ, ಇಂಥ ಮನೆಯಿಂದ ಬಂದ ಹುಡುಗಿಯನ್ನು ಹೇಗೆ ತಿದ್ದಿದ್ದೀರಿ ನೋಡಿ ಎಂದು ಎಲ್ಲರಿಂದ ಚಪ್ಪಾಳೆ ತಟ್ಟಿಸಿದರು. ಇಂಥ ಮನೆ ಎಂದರೆ ಎಂಥ ಮನೆ ಎಂದು ನಾನು ಕೇಳಲಿಲ್ಲ. ನಾನೂ ಚಪ್ಪಾಳೆ ತಟ್ಟುತ್ತಿದ್ದೆ.

ಆದರೆ ತೂಕದ ತಕ್ಕಡಿಗೆ ಸಂಸ್ಕಾರ ತಿಳಿಯುವುದಿಲ್ಲ. ಮುಂದಿನ ಸಲ ತೂಗಿದಾಗ ಮಮತಾಜಳ ತೂಕ ಇಳಿದಿತ್ತು. ಅದರ ಮುಂದಿನ ಸಲ ಇನ್ನೂ ಇಳಿದಿತ್ತು. ಕೇಂದ್ರದಲ್ಲಿ ಏನೂ ತಿನ್ನದಿದ್ದಾಗ ಗುಂಡಗುಂಡಗೆ ಇದ್ದವಳು, ಅಗುಳು ಬಿಡದೆ ತಿನ್ನತೊಡಗಿದ ಮೇಲೆ ಸೊರಗುತ್ತಿದ್ದಳು. ಇಷ್ಟು ಕಂಡರೂ ನನಗೆ ನನ್ನ ಮೇಲೆ ಅನುಮಾನ ಬರಲಿಲ್ಲ. ಮನೆಯಲ್ಲಿ ಸರಿಯಾಗಿ ಹಾಕುತ್ತಿಲ್ಲ, ಮಕ್ಕಳು ಬಹಳ, ಯಾರು ನೋಡುತ್ತಾರೆ ಎಂದು ಕಮಲಾ ಮೇಡಂಗೆ ಹೇಳಿದೆ. ಅವರೂ ಹೌದು ಹೌದು ಎಂದು ತಲೆಯಾಡಿಸಿದರು. ಆ ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಹುಸೇನಬಿಯನ್ನು ಕೇಂದ್ರಕ್ಕೆ ಕರೆಸಿದೆ. ಬೆಳಿಗ್ಗೆ ಹೊಲದ ಕೆಲಸ ಬಿಟ್ಟು ಬಂದು ಹೊಸ್ತಿಲ ಹೊರಗೇ ಕುಳಿತಳು. ನಾನು ಒಳಗೆ ಕುರ್ಚಿಯ ಮೇಲೆ ಕುಳಿತು, ಗೋಡೆಯ ಮೇಲಿನ ಚಿತ್ರಕ್ಕೆ ಕೋಲು ತೋರಿಸುತ್ತ ಸೊಪ್ಪು, ಬೇಳೆ, ಹಾಲು, ಮೊಟ್ಟೆ ಎಂದು ದೊಡ್ಡ ಪಾಠ ಹೇಳಿದೆ. ಮೊಟ್ಟೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ, ನಮ್ಮ ಮನೆಯಲ್ಲಿ ಆ ಮಾತು ಆಡುವಂತಿರಲಿಲ್ಲ. ಅವಳು ಪ್ರತಿಯೊಂದಕ್ಕೂ ಹೌದ್ರಿ ಎಂದಳು. ಎಲ್ಲ ಮುಗಿದ ಮೇಲೆ ಒಂದೇ ಮಾತು ಹೇಳಿದಳು.

"ನನ್ನ ಕೈಯಾನ ತುತ್ತ ತೊಗೊವಲ್ಲಳ್ರಿ ಅಕ್ಕೋರ."

"ಕೈ ಸ್ವಚ್ಛ ತೊಳಕೊ. ತೊಗೋತಾಳ," ಎಂದೆ.

ಹುಸೇನಬಿ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಆಮೇಲೆ ಎದ್ದು ಹೋದಳು. ನನ್ನ ಕೆಲಸದ ಅವಧಿಯಲ್ಲಿ ಎಷ್ಟೋ ಅಧಿಕಾರಿಗಳಿಂದ ಬೈಸಿಕೊಂಡಿದ್ದೇನೆ, ಒಂದೂ ನೆನಪಿಲ್ಲ. ಆ ಮುದುಕಿ ಕೈ ನೋಡಿಕೊಂಡದ್ದು ಮಾತ್ರ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಅದಾಗಿ ಕೆಲವು ದಿನಕ್ಕೆ ಮಮತಾಜ ಹಾಡು ಹೇಳುತ್ತ ಹೇಳುತ್ತಲೇ ಗೋಡೆಗೆ ಒರಗಿ ಕುಳಿತುಬಿಟ್ಟಳು. ಜ್ವರವಿಲ್ಲ, ಏನಿಲ್ಲ. ಎತ್ತಿಕೊಂಡರೆ ಒಂದು ಬುಟ್ಟಿ ಹತ್ತಿಯಷ್ಟೂ ಭಾರವಿರಲಿಲ್ಲ. ಆಗ ನನಗೆ ಹೆದರಿಕೆಯಾಯಿತು. ಈ ಕೂಸು ಕೈಬಿಟ್ಟು ಹೋದೀತು ಎಂಬ ಹೆದರಿಕೆ. ಅಂದು ಸಂಜೆಯೇ ಅವರ ಮನೆಗೆ ಹೋಗುವುದೆಂದು ನಿರ್ಧರಿಸಿದೆ. ಆ ತಿಂಗಳ ವರದಿಯಲ್ಲಿ ಈ ಭೇಟಿಯ ಬಗ್ಗೆ ನಾನು ಬರೆದದ್ದು ಒಂದೇ ಸಾಲು: ಮನೆ ಭೇಟಿ ಮಾಡಿ ಕುಟುಂಬಕ್ಕೆ ತಿಳಿವಳಿಕೆ ನೀಡಲಾಯಿತು. ನಡೆದದ್ದು ಇದು.

ಮನೆ ಭೇಟಿ ನನಗೆ ಹೊಸದಲ್ಲ, ಎಲ್ಲ ಓಣಿಗಳಿಗೂ ಹೋಗುತ್ತಿದ್ದೆ. ಕೆಲವು ಓಣಿಗಳಲ್ಲಿ ಹೊಸ್ತಿಲು ದಾಟುತ್ತಿರಲಿಲ್ಲ. ನೀರು ಕೊಡಲು ಬಂದರೆ, ಈಗಷ್ಟೇ ಕುಡಿದು ಬಂದೇನಿ ಎನ್ನುತ್ತಿದ್ದೆ. ಉರಿಬಿಸಿಲಿನಲ್ಲಿ ಊರೆಲ್ಲ ತಿರುಗಿದರೂ ಅರ್ಧ ಊರಿನಲ್ಲಿ ಬಾಯಾರಿಕೆಯೇ ಆಗದ ಹೆಂಗಸು ನಾನು. ಅತ್ತೆಯವರು ಮನೆಯಲ್ಲಿ ಕಾದಿರುತ್ತಿದ್ದರು, ಎಲ್ಲೆಲ್ಲಿ ಹೋಗಿದ್ದೆ ಎಂದು ಕೇಳಿಯೇ ಒಳಗೆ ಬಿಡುತ್ತಿದ್ದರು. ಅಂದು ಹುಸೇನಬಿಯ ಮನೆಯ ಬಾಗಿಲಿಗೆ ಹೋದಾಗ ದೀಪ ಹಚ್ಚುವ ಹೊತ್ತು. ಅವಳ ಸೊಸೆ, ಮಮತಾಜಳ ಅವ್ವ, ಚೊಂಬಿನಲ್ಲಿ ನೀರು ತಂದಳು. ನನ್ನ ಬಾಯಿ ತಾನಾಗಿಯೇ, ನೀರಡಿಕೆ ಇಲ್ಲ ಎಂದಿತು.

"ಗೊತ್ತೈತ್ರಿ ಅಕ್ಕೋರ," ಎಂದಳು ಹುಸೇನಬಿ ಒಳಗಿನಿಂದ. "ನಿಮಗ ನಮ್ಮ ಓಣ್ಯಾಗ ನೀರಡಿಕಿ ಆಗೂದಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಹೊಳೆ ಪೂರ್ವಕ್ಕೆ ಹರಿಯುತ್ತದೆ ಎಂದು ಹೇಳಿದ ಹಾಗೆ ಹೇಳಿದಳು.

ನಡುಮನೆಯಲ್ಲಿ ಆ ಪರಾತ ಇತ್ತು. ಅದರ ತುಂಬ ಮುರಿದ ಜೋಳದ ರೊಟ್ಟಿ, ಮೇಲೆ ಪುಂಡಿಪಲ್ಲೆಯ ಹುಳಿಸೊಪ್ಪು ಹಾಕಿದ ಬಿಸಿ ಬೇಳೆ. ಸುತ್ತ ಹುಸೇನಬಿ, ಅವಳ ಸೊಸೆ, ಮಮತಾಜಳ ಇಬ್ಬರು ಅಣ್ಣಂದಿರು. ಮಕ್ಕಳು ಬಹಳ ಎಂದು ನಾನು ಹೇಳಿದ್ದ ಮನೆಯಲ್ಲಿ ಮಕ್ಕಳಿದ್ದದ್ದು ಇಷ್ಟೇ. ನಾಲ್ವರೂ ಒಂದೇ ಪರಾತದಿಂದ ಉಣ್ಣುತ್ತಿದ್ದರು. ಮಮತಾಜ ಮಾತ್ರ ದೂರ, ಗೋಡೆಯ ಹತ್ತಿರ, ನಾನು ಕಲಿಸಿದ್ದಂತೆ ಚಕ್ಕಳಮಕ್ಕಳ ಹಾಕಿ ಕೈ ಕಟ್ಟಿ ಕುಳಿತಿದ್ದಳು. ಅವಳ ಮುಂದೆ ಏನೂ ಇರಲಿಲ್ಲ. ಹುಸೇನಬಿ ಒಂದು ತುತ್ತು ಕಲಸಿ, ಊದಿ ಆರಿಸಿ, ಮೊಣಕಾಲ ಮೇಲೆ ಜರುಗಿ ಹೋಗಿ ಅವಳ ಬಾಯಿಯ ಹತ್ತಿರ ಹಿಡಿದಳು. ಕೂಸು ಮುಖ ತಿರುಗಿಸಿತು.

"ಎಂಜಲ ಐತಿ. ಒಲ್ಲೆ."

ಅದು ನನ್ನ ದನಿ. ನಮ್ಮವ್ವನ ದನಿ. ಬಾಗೇವಾಡಿಯ ನಮ್ಮ ಅಡುಗೆಮನೆಯಿಂದ ಹೊರಟು ಅದು ತಂಗಡಗಿಯ ಈ ನಡುಮನೆಗೆ ಬಂದು, ಹೆತ್ತವ್ವನಿಗಿಂತ ಹೆಚ್ಚಾಗಿ ಸಾಕಿದ ದಾದಿಯ ಕೈಯನ್ನು ದೂಡುತ್ತಿತ್ತು.

ಬೇರೆ ತಾಟಿನಲ್ಲಿ ಹಾಕಿ ಕೊಡಬೇಕಿತ್ತು ಎಂದೆ. ಬುದ್ಧಿ ಹೇಳುವ ಚಟ ಅಷ್ಟು ಬೇಗ ಹೋಗುತ್ತದೆಯೇ? ಕೊಟ್ಟು ನೋಡಿದ್ದರಂತೆ. ಅವರ ಮನೆಯಲ್ಲಿ ಬೇರೆ ತಾಟು ಇಡುವುದು ಜಡ್ಡಿನಲ್ಲಿ ಬಿದ್ದವರಿಗೆ ಮಾತ್ರ. ಉಳಿದವರೆಲ್ಲ ಕೂಡಿ ಉಣ್ಣುವಾಗ ತನಗೊಂದು ತಾಟು ಬೇರೆ ಬಂದದ್ದನ್ನು ನೋಡಿ ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳಂತೆ. ಕೂಡಿ ಉಂಡರೆ ಎಂಜಲು, ಒಬ್ಬಳೇ ಉಣ್ಣಲು ಗಂಟಲಿಗೆ ಇಳಿಯದು. ನಡುವೆ ಸಿಕ್ಕಿಕೊಂಡು ಆ ಕೂಸು ರಾತ್ರಿಯ ಊಟವನ್ನೇ ಬಿಟ್ಟುಬಿಟ್ಟಿತ್ತು.

"ಮೊದಲ ದಿನ ಪರಾತ ಯಾಕ ಕಳಿಸಿದ್ದೆ ಅಂದ್ರ," ಎಂದು ಹುಸೇನಬಿ ತಲೆಯ ಸೆರಗು ಸರಿಪಡಿಸಿಕೊಂಡಳು, "ಸಾಲ್ಯಾಗ ಹುಡುಗ್ರು ಭಾಳ ಇರ್ತಾವ, ಎಲ್ಲಾವೂ ಕೂಡಿ ಉಣ್ಣಲಿ ಅಂತ್ರಿ. ನಮ್ಮ ಮನ್ಯಾಗ ದೊಡ್ಡದು ಅಂದ್ರ ಅದ ಒಂದ."

ಅಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆನಲ್ಲ, ಆ ನಗೆ ಈಗ ವಾಪಸು ಬಂತು, ಬೇರೆ ರೂಪದಲ್ಲಿ. ನಾನು ಹೊಸ್ತಿಲು ದಾಟಿ ಮಮತಾಜಳ ಹತ್ತಿರ ಕುಳಿತು, ಅದು ಎಂಜಲಲ್ಲವ್ವ, ದಾದಿ ಕೈಯಿಂದ ಉಣ್ಣು ಎಂದೆ. ಅವಳು ನನ್ನನ್ನು ನೋಡಿದ ನೋಟದಲ್ಲಿ ದೊಡ್ಡ ಅನುಮಾನವಿತ್ತು.

"ನೀವ ಹೇಳೀರಿ, ಎಂಜಲ ಅಂತ."

ಮಾತಿನಲ್ಲಿ ಕೆಡಿಸಿದ್ದನ್ನು ಮಾತಿನಿಂದ ಸರಿಪಡಿಸಲು ಆಗುವುದಿಲ್ಲ ಎಂದು ಯಾವ ತರಬೇತಿಯಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ. ನಾನು ಎದ್ದು ಹೋಗಿ ಪರಾತದ ಹತ್ತಿರ ಕುಳಿತೆ. ಸೊಸೆ ಗಾಬರಿಯಾಗಿ ಹಿಂದೆ ಸರಿದಳು. ಹುಸೇನಬಿ ಕೈ ಅಡ್ಡ ಮಾಡಿ, ಬೇಡ, ನಿಮ್ಮ ಅತ್ತೆಯವರು ಸಿಟ್ಟಾಗುತ್ತಾರೆ ಎಂದಳು. ನಾನು ಏಳುವ ಹಾಗೆ ಕಾಣದಿದ್ದಾಗ, ಇವತ್ತು ಬರೀ ರೊಟ್ಟಿ ಬೇಳೆಯೇ, ಬೇರೆ ಏನೂ ಮುಟ್ಟಿಸಿಲ್ಲ ಎಂದು ಮೆಲ್ಲಗೆ ಹೇಳಿದಳು. ನನ್ನ ಹೆದರಿಕೆ ನನಗಿಂತ ಮೊದಲು ಅವಳಿಗೆ ಗೊತ್ತಿತ್ತು. ಕೈ ತೊಳೆದುಕೊಂಡು, ಅವಳ ಬೆರಳು ಓಡಾಡಿದ್ದ ಜಾಗದಿಂದಲೇ ಒಂದು ತುತ್ತು ಎತ್ತಿ ಬಾಯಿಗಿಟ್ಟೆ.

ಬೇಳೆ ಬಹಳ ರುಚಿಯಾಗಿತ್ತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ರುಚಿ ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮೊದಲ ತುತ್ತು ಗಂಟಲಲ್ಲಿ ನಿಂತಿತು. ಎರಡನೆಯದನ್ನು ಅದರ ಹಿಂದೆ ನೂಕಿದೆ. ಮೇಲುಕೀಳು ನಮ್ಮ ನೀರಿನಲ್ಲೇ ಇಲ್ಲ ಎಂದು ಕೊಚ್ಚಿಕೊಂಡು ಬೆಳೆದವಳು, ಒಂದು ರೊಟ್ಟಿಯ ಚೂರು ನುಂಗಲು ಹೆಣಗುತ್ತಿದ್ದೆ. ಅಣ್ಣಂದಿರಿಬ್ಬರೂ ಉಣ್ಣುವುದನ್ನು ಮರೆತು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಗೋಡೆಯ ಹತ್ತಿರದಿಂದ ಮಮತಾಜಳೂ ನೋಡುತ್ತಿದ್ದಳು. ನಾಲ್ಕನೆಯ ತುತ್ತಿಗೋ ಐದನೆಯದಕ್ಕೋ ಅವಳು ಕಟ್ಟಿದ ಕೈ ಬಿಟ್ಟಳು. ಸ್ವಲ್ಪ ಸ್ವಲ್ಪವೇ ಜರುಗಿ ಬಂದು ನನ್ನ ಹಾಗೂ ದಾದಿಯ ನಡುವೆ ತೂರಿಕೊಂಡಳು. ಹುಸೇನಬಿ ಒಂದು ತುತ್ತು ಕಲಸಿ ಹಿಡಿದಳು. ಮಮತಾಜ ನನ್ನ ಮುಖ ನೋಡಿದಳು, ನಾನು ಅಗಿಯುತ್ತಲೇ ಇದ್ದೆ. ಅವಳು ಬಾಯಿ ತೆರೆದಳು.

ಆಮೇಲೆ ಅವಳು ಉಂಡದ್ದನ್ನು ನೋಡಬೇಕಿತ್ತು. ದಾದಿಯ ಕೈಗೆ ಪುರುಸೊತ್ತು ಕೊಡಲಿಲ್ಲ. ಹುಸೇನಬಿಯ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ನನ್ನ ಕಣ್ಣೂ ಒದ್ದೆಯಾಗಿತ್ತು. ಪುಂಡಿಪಲ್ಲೆಯ ಖಾರ ಎಂದುಕೊಂಡಿರಬೇಕು ಆ ಹುಡುಗರು.

ಪರಾತ ಖಾಲಿಯಾಯಿತು. ಇನ್ನು ಮೆಲ್ಲಗೆ ಏಳೋಣ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮಮತಾಜ ಎದ್ದು ಹೋಗಿ, ಬಾಗಿಲ ಹತ್ತಿರ ನಾನು ಕುಡಿಯದೆ ಬಿಟ್ಟಿದ್ದ ನೀರಿನ ಚೊಂಬನ್ನು ಎರಡೂ ಕೈಯಿಂದ ಹಿಡಿದು ತಂದಳು. ಪರಾತಕ್ಕೆ ನೀರು ಸುರಿದಳು. ಬೆರಳಿನಿಂದ ಸುತ್ತಲೂ ತೊಳೆದಳು, ಅಂಚಿನಲ್ಲಿ ಅಂಟಿದ್ದ ಬೇಳೆಯನ್ನೂ ಬಿಡಲಿಲ್ಲ. ಆಮೇಲೆ ಅದನ್ನು ನನ್ನ ಕಡೆಗೆ ನೂಕಿದಳು.

"ಕುಡೀರಿ ಅಕ್ಕೋರ."

ಅಷ್ಟೂ ಜನರ ಕೈಯಾಡಿದ ಪರಾತ ತೊಳೆದ ನೀರು. ಇಷ್ಟು ದಿನ ಇಡೀ ಊರಿನ ಮಕ್ಕಳಿಗೆ ತಾಟು ತೊಳೆದ ನೀರು ಕುಡಿಸಿದ್ದೆ, ಅವರ ಗಂಟಲು ಹೇಗಿತ್ತೋ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಸೊಸೆ ಬಾಯಿಗೆ ಸೆರಗು ಹಿಡಿದುಕೊಂಡಳು. ನಾನು ಪರಾತವನ್ನು ಎರಡೂ ಕೈಯಿಂದ ಎತ್ತಿದೆ. ಅಷ್ಟು ಅಗಲದ್ದನ್ನು ಬಾಯಿಗೆ ಹಿಡಿಯುವುದು ಸುಲಭವಲ್ಲ, ಸೀರೆಯ ಮೇಲೆಲ್ಲ ಚೆಲ್ಲಿಕೊಂಡೆ. ಕಣ್ಣು ಮುಚ್ಚಿ ಗುಟುಕು ಗುಟುಕಾಗಿ ಅರ್ಧ ಕುಡಿದೆ. ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಹುಸೇನಬಿ ಕೈ ಚಾಚಿ ನನ್ನ ಕೈಯಿಂದ ಪರಾತ ತೆಗೆದುಕೊಂಡಳು.

"ನೀವ ಒಬ್ರ ಕುಡದ್ರ ಹೆಂಗ್ರಿ ಅಕ್ಕೋರ. ಎಲ್ಲಾರ ತಾಟ ಐತಿ."

ಎಂದು ಹೇಳಿ, ನನ್ನ ಬಾಯಿ ತಾಗಿದ ಅಂಚಿಗೇ ಬಾಯಿಟ್ಟು ಉಳಿದದ್ದನ್ನು ಕುಡಿದಳು.

ಮರುದಿನ ಬೆಳಿಗ್ಗೆ ಮಮತಾಜ ಮತ್ತೆ ಪರಾತ ಹೊತ್ತುಕೊಂಡು ಬಂದಳು. ನಾನು ಕುರ್ಚಿಯಿಂದ ಎದ್ದು ದಾರಿಯವರೆಗೆ ಹೋಗಿ, ಅದನ್ನು ಅವಳ ತಲೆಯಿಂದ ಇಳಿಸಿಕೊಂಡೆ.